ಮಗಳಿಗೊಂದು ಪತ್ರ: ಎಲ್ಲ ಸೌಖ್ಯವಾ?

ಪ್ರೀತಿಯ ಮಗಳೇ,

ಆಟಿ ತಿಂಗಳ ಮಳೆ ಬಿಟ್ಟಿಲ್ಲ. ಅಂಗಳವೆಲ್ಲ ಪಾಚಿ. ಬಾವಿಕಟ್ಟೆಯವರೆಗೆ ತೆಂಗಿನ ಮಡಲು ಹಾಸಿದ್ದೇನೆ. ಮೊನ್ನೆ ಫೋನಿನಲ್ಲಿ "ಎಲ್ಲ ಸೌಖ್ಯವಾ ಅಪ್ಪ?" ಅಂತ ಕೇಳಿದೆ. ಸೌಖ್ಯ ಅಂದೆ. ನೀನೂ ಹಾಗೇ ಅಂದೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಈ ಮಾತನ್ನು ನಮ್ಮ ಮನೆಗೆ ತಂದವನು ನಾನೇ ಅಲ್ವಾ?

1993ರಲ್ಲಿ ನಾನು ದುಬೈಗೆ ಹೋದಾಗ ನಿನಗೆ ಒಂದು ವರ್ಷ. ಮಂಗಳೂರಿನ ಬಜ್ಪೆಯಿಂದ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ನಾನು ಉಡುಪಿಯಿಂದ ಮುಂಬೈಗೆ ಹೋಗಿ ವಿಮಾನ ಹತ್ತುತ್ತಿದ್ದೆ. ಎರಡು ವರ್ಷಕ್ಕೊಮ್ಮೆ ರಜೆ. ಶುಕ್ರವಾರ ಅಲ್ಲಿ ಮೂರು ಗಂಟೆಗೆ, ಇಲ್ಲಿ ನಾಲ್ಕೂವರೆಗೆ, ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದೆ. ಅಮ್ಮ ನಿನ್ನನ್ನು ಎತ್ತಿಕೊಂಡು ಓಡಿ ಬರುತ್ತಿದ್ದಳು. ಆ ಮನೆಯವರೆಲ್ಲ ಅಲ್ಲೇ ಕೂತಿರುತ್ತಿದ್ದರು. ಸಿಗುವ ನಾಲ್ಕು ನಿಮಿಷದಲ್ಲಿ ಕಷ್ಟ ಯಾಕೆ ಹೇಳುವುದು ಅಂತ ಇಬ್ಬರಿಗೂ ಅನಿಸುತ್ತಿತ್ತು.

ಒಮ್ಮೆ ಮೂರು ತಿಂಗಳು ಸಂಬಳ ಸಿಗಲಿಲ್ಲ. ಸಾಲ ಮಾಡಿ ಡ್ರಾಫ್ಟ್ ಕಳಿಸಿದೆ, ಅಮ್ಮನಿಗೆ ಹೇಳಲಿಲ್ಲ. ಅಜ್ಜಿ ಹಾಸಿಗೆ ಹಿಡಿದದ್ದನ್ನು ಅಮ್ಮ ನನಗೆ ಹೇಳಲಿಲ್ಲ. ತೀರಿಕೊಂಡ ಸುದ್ದಿ ಬಂದ ಮೇಲೇ ಗೊತ್ತಾದದ್ದು. ಬೊಜ್ಜಕ್ಕೂ, ಅವಳ ಉತ್ತರಕ್ರಿಯೆಗೂ, ಬರಲು ಆಗಲಿಲ್ಲ. ಆ ನೋವು ಇನ್ನೂ ಇದೆ ಮಗಳೇ.

2012ರಲ್ಲಿ ಎಲ್ಲ ಬಿಟ್ಟು ಬಂದೆ. ಹಂಚು ಬದಲಿಸಿದ್ದು, ಬ್ಯಾಂಕು, ನಿನ್ನ ಕಾಲೇಜು, ಎಲ್ಲ ಅಮ್ಮನೇ ನಡೆಸಿದ್ದಳು. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನಾನು ಕೇಳಬೇಕಿತ್ತು. "ಮತ್ತೆ ಯಾವಾಗ ಹೋಗುವುದು ಅಪ್ಪ?" ಅಂತ ನೀನು ಕೇಳಿದೆ. ಪ್ರತಿ ರಜೆಯಲ್ಲೂ ಕೇಳುತ್ತಿದ್ದದ್ದೇ, ಸುಮ್ನೆ ಬಾಯಿಗೆ ಬಂದದ್ದು. ಆದರೆ ನೀನು ಅಮ್ಮನ ಹತ್ತಿರ ಏನೋ ಹೇಳುತ್ತಿರುವಾಗ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ದುಡ್ಡು ಕಳಿಸಿದರೆ ಸಾಕು, ಉಳಿದದ್ದು ವಾಪಸ್ ಬಂದ ಮೇಲೆ ನೋಡಿಕೊಳ್ಳಬಹುದು ಅಂದುಕೊಂಡದ್ದು ನನ್ನ ತಪ್ಪು.

ನಾವಿಬ್ಬರು ಪರಿಚಯವಾದದ್ದು ಸ್ಕೂಟರಿನ ಮೇಲೆ. ದಿನಾ ಬೆಳಿಗ್ಗೆ ಮಣಿಪಾಲಕ್ಕೆ ಬಿಡುತ್ತಿದ್ದೆನಲ್ಲ? ಒಂದು ದಿನ ಟೈಗರ್ ಸರ್ಕಲ್ ಹತ್ತಿರ, ಗೆಳತಿಯ ಜೊತೆ ಜಗಳ ಆಯ್ತು ಅಂತ ಹಿಂದಿನಿಂದ ನೀನು ಮೆಲ್ಲಗೆ ಹೇಳಿದೆ. ಅವತ್ತು ನನಗಾದ ಸಂತೋಷ ನಿನಗೆ ಗೊತ್ತಿಲ್ಲ.

ಈಗ ನೀನು ಜರ್ಮನಿಯಲ್ಲಿ. ಫೋನಿಗೆ ಖರ್ಚಿಲ್ಲ, ಮುಖವೂ ಕಾಣುತ್ತದೆ. ಆದರೂ ಮಗು ಕೆಮ್ಮಿದ ಕೂಡಲೇ ನೀನು ಕ್ಯಾಮೆರಾ ತಿರುಗಿಸಿದೆ. ನಾನು ನೋಡಿದೆ.

ಅದಕ್ಕೇ ನಾನೇ ಮೊದಲು ಹೇಳುತ್ತೇನೆ. ಕಳೆದ ಮಂಗಳವಾರ ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಆರು ವಾರ ಪ್ಲಾಸ್ಟರ್. "ಅವಳಿಗೆ ಹೇಳಬೇಡಿ, ಹೆದರುತ್ತಾಳೆ" ಅಂದಿದ್ದಳು. ಮಡಲು ಹಾಸಿದ್ದು ಅವಳು ಬಿದ್ದ ಮೇಲೆ. ಈಗ ಅಡುಗೆ ನನ್ನದೇ. ಪತ್ರೊಡೆಗೆ ಅಕ್ಕಿ ನೆನೆಹಾಕಿದ್ದೇನೆ. ಕೆಸುವಿನ ಎಲೆಗೆ ಹಿಟ್ಟು ಹಚ್ಚುವುದನ್ನು ಅವಳು ಕೂತಲ್ಲಿಂದಲೇ ಹೇಳಿಕೊಡುತ್ತಾಳೆ.

ಇನ್ನು ನೀನು ಹೇಳು. ಮಗುವಿಗೆ ಕೆಮ್ಮು ಎಷ್ಟು ದಿನದಿಂದ? ನಿನ್ನ ಕಣ್ಣು ಯಾಕೆ ಬಾತಿತ್ತು? ಮಗು ಮಲಗಿದ ಮೇಲೆ ಫೋನ್ ಮಾಡು. ನಿನಗೆ ಏಳೂವರೆ ಆಗುವಾಗ ಇಲ್ಲಿ ಹನ್ನೊಂದು. ನಾನು ಎಚ್ಚರ ಇರುತ್ತೇನೆ.

ನಿನ್ನ ಅಪ್ಪ