ಸರ ಅಡ ಇಡಬೇಡಮ್ಮ

ಸಾಲ್ಸ್‌ಬರಿ, ಇಂಗ್ಲೆಂಡ್

ಅಮ್ಮನಿಗೆ ಸುಧಾ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಪ್ಪಾಜಿ, ಅತ್ತೆ, ಚಿನ್ನು ಎಲ್ಲರಿಗೂ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಬಂದಾಗಿನಿಂದ ಅದೇ ಯೋಚನೆ. ಮಂಜನ ಟೂರಿಸ್ಟ್ ಗೈಡ್ ಕೆಲಸದ ಸಂದರ್ಶನಕ್ಕೆ ಇಂಗ್ಲಿಷ್ ಕ್ಲಾಸು, ಅದರ ಫೀಸಿಗೆ ನಿನ್ನ ಎರಡೆಳೆ ಸರ ಅಡ. ಬೇಡವೇ ಬೇಡ. ಅವನಿಗೆ ಇಂಗ್ಲಿಷ್ ಬರುತ್ತೆ. ಬೇಕಾಗಿರೋದು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಂಥ ಹಳೇ ಕಲ್ಲಿನ ಕಟ್ಟಡಗಳನ್ನು ವಿವರಿಸೋ ಒಂದಷ್ಟು ಪದ, ಅದನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ಹೇಳಿಕೊಡಲ್ಲ. ಮುಂದಿನದನ್ನು ಅವನ ಕೈಗೇ ಕೊಡು.

ಮಂಜಾ, ವಿವರಣೆ ದೂರದಿಂದ ಹತ್ತಿರಕ್ಕೆ ಬರಬೇಕು. ಜಾಗ ಎಂಥದು, ರಿಡ್ಜ್ ಮೇಲೋ ಸ್ಲೋಪ್ ಮೇಲೋ. ಕಲ್ಲುಗಳು ಸರ್ಕಲ್ಲೋ ಸಾಲೋ ಒಂಟಿಯೋ. ಆಮೇಲೆ ಭಾಗಗಳು, ಅಳತೆ, ಕಲ್ಲಿನ ಜಾತಿ, ಈಗಿನ ಸ್ಥಿತಿ. ಯಾಕೆ ನಿಲ್ಲಿಸಿದರು ಅನ್ನೋದು ಕಟ್ಟಕಡೆಗೆ. ಮೊದಲೇ 'ಟೆಂಪಲ್' ಅಂದುಬಿಟ್ಟರೆ ಆಧಾರ ಏನು ಅಂತ ಕೇಳ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ತೀಯ.

ನೆಟ್ಟ ಕಲ್ಲು ಅಪ್‌ರೈಟ್. ಒಂಟಿಯಾಗಿ ನಿಂತಿದ್ದರೆ ಮೆನ್‌ಹಿರ್. ಅಂಚಿನ ಮೇಲೆ ಗೋಡೆಯಂತೆ ನಿಲ್ಲಿಸಿದ ಚಪ್ಪಡಿ ಆರ್ಥೋಸ್ಟಾಟ್, ಅದರ ಮೇಲೆ ಮುಚ್ಚಿದ್ದು ಕ್ಯಾಪ್‌ಸ್ಟೋನ್, ಎರಡೂ ಸೇರಿದ ಕೋಣೆ ಡಾಲ್ಮೆನ್. ಆರ್ಥೋಸ್ಟಾಟಿನಲ್ಲಿ ಕೊರೆದ ದುಂಡು ಕಿಂಡಿಗೆ ವಿಂಡೋ ಅನ್ನಬೇಡ, ಅದು ಪೋರ್ಟ್‌ಹೋಲ್. ನೆಲದೊಳಗಿನ ಕಲ್ಲುಪೆಟ್ಟಿಗೆ ಸಿಸ್ಟ್. 1947ರಲ್ಲಿ ಪುರಾತತ್ವಜ್ಞ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಸಿಕ್ಕ ಸಮಾಧಿಗಳಲ್ಲಿ ಇಂಥವೂ ಇದ್ದವು.

ಕ್ರಿಯಾಪದದಲ್ಲಿ ಎಲ್ಲರೂ ಎಡವುತ್ತಾರೆ. ಒಂದೇ ಕಲ್ಲಿಗೆ 'ಬಿಲ್ಟ್' ಬೇಡ, 'ರೈಸ್ಡ್' ಅನ್ನು. ಕ್ಯಾಪ್‌ಸ್ಟೋನ್ 'ರೆಸ್ಟ್ಸ್ ಆನ್'. ಬುಡದ ಗುಂಡಿ 'ಸಾಕೆಟ್', ಕಲ್ಲು 'ಸ್ಟ್ಯಾಂಡ್ಸ್ ಇನ್' ಸಾಕೆಟ್. ಎಲ್ಲಕ್ಕೂ 'ಡ್ಯಾಮೇಜ್ಡ್' ಅಂದರೆ ಏನೂ ಹೇಳಿದಂತಾಗಲ್ಲ: ವಾಲಿದ್ದರೆ ಲೀನಿಂಗ್, ಬಿದ್ದಿದ್ದರೆ ಫಾಲನ್, ಮುರಿದು ಬುಡ ಉಳಿದಿದ್ದರೆ ಸ್ಟಂಪ್. ಬೇಗೂರಿನ ವೀರಗಲ್ಲು ಕಾರ್ವ್ಡ್, ಯಾಕಂದರೆ ಅದರಲ್ಲಿ ಚಿತ್ರ ಇದೆ. ಮೈಯನ್ನು ಕುಟ್ಟಿ ನಯ ಮಾಡಿದ್ದಷ್ಟೇ ಆದರೆ ಡ್ರೆಸ್ಡ್. ಲಾಲ್‌ಬಾಗ್ ಬಂಡೆ ಇವೆರಡೂ ಅಲ್ಲ, ಔಟ್‌ಕ್ರಾಪ್. ಭಾನುವಾರ ಅಲ್ಲಿಗೂ ಬೇಗೂರಿಗೂ ಹೋಗಿ, ಕಲ್ಲಿನ ಮುಂದೆ ನಿಂತು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡು.

ನಮ್ಮ ಸಾಲ್ಸ್‌ಬರಿ ಹತ್ತಿರದ ಹಳೇ ಕಲ್ಲಿನ ಸುತ್ತು ಸ್ಟೋನ್‌ಹೆಂಜ್, ಅದರ ಬಗ್ಗೆ ಕೇಳೇ ಕೇಳ್ತಾರೆ. ಹೊರಸುತ್ತಿನಲ್ಲಿ 30 ಅಪ್‌ರೈಟುಗಳ ಯೋಜನೆ, ಈಗ ನಿಂತಿರೋದು 17. ಸಾರ್ಸನ್ ಅನ್ನೋ ಗಟ್ಟಿ ಮರಳುಗಲ್ಲು, ಒಂದೊಂದು ಸರಾಸರಿ 25 ಟನ್. ಎರಡು ಅಪ್‌ರೈಟ್, ಮೇಲೊಂದು ಅಡ್ಡಕಲ್ಲು ಲಿಂಟೆಲ್, ಮೂರೂ ಸೇರಿ ಟ್ರೈಲಿಥಾನ್. ಅಂಥವು ಒಳಗೆ ಐದಿದ್ದವು. ಅಪ್‌ರೈಟಿನ ತಲೆಯಲ್ಲಿ ಉಬ್ಬು ಟೆನನ್, ಲಿಂಟೆಲಿನ ಕೆಳಮೈಯಲ್ಲಿ ಅದು ಕೂರೋ ಕುಳಿ ಮಾರ್ಟಿಸ್, ನಮ್ಮ ಬಡಗಿಗಳು ಬಾಗಿಲ ಚೌಕಟ್ಟು ಕೂಡಿಸೋ ಹಾಗೇ. ಅಕ್ಕಪಕ್ಕದ ಲಿಂಟೆಲುಗಳನ್ನು ಹಿಡಿಸೋದು ಟಂಗ್ ಆಂಡ್ ಗ್ರೂವ್. ಬಿದ್ದ ಕಲ್ಲಿನಲ್ಲೂ ಟೆನನ್ ಕಂಡರೆ ಅದರ ಮೇಲೆ ಲಿಂಟೆಲ್ ಇತ್ತು ಅಂತ ಧೈರ್ಯವಾಗಿ ಹೇಳಬಹುದು.

ಒಂದು ಎಚ್ಚರ. ಹಿರೇಬೆಣಕಲ್ಲಿಗೆ 'ಇಂಡಿಯನ್ ಸ್ಟೋನ್‌ಹೆಂಜ್' ಅನ್ನಬೇಡ. ಹೆಂಜ್ ಅಂದರೆ ಸುತ್ತಲೂ ಮಣ್ಣಿನ ದಿಬ್ಬ, ಅದರ ಒಳಗಡೆ ಕಂದಕ. ಸ್ಟೋನ್‌ಹೆಂಜಲ್ಲೇ ಅದು ತಿರುಗುಮುರುಗು, ಮುಖ್ಯ ದಿಬ್ಬ ಕಂದಕದ ಒಳಗಿದೆ; ಸರಿಯಾಗಿರೋದು ಇಲ್ಲಿನ ಇನ್ನೊಂದು ಕಲ್ಲುಸುತ್ತು ಏವ್‌ಬರಿಯಲ್ಲಿ. ಮೆಗಾಲಿಥಿಕ್ ಅಂದರೆ ದೊಡ್ಡ ಕಲ್ಲಿನದು ಅಂತ ಅಷ್ಟೇ, ಕಾಲ ಅದರಲ್ಲಿ ಬರಲ್ಲ: ಇಲ್ಲಿನ ಸಾರ್ಸನ್ ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ, ನವಶಿಲಾಯುಗದ ಕೊನೆ. ನಮ್ಮ ಬ್ರಹ್ಮಗಿರಿಯ ಸಮಾಧಿಗಳು ಕಬ್ಬಿಣ ಯುಗದವು. ಇಲ್ಲಿ ದುಬಾರಿ ಟಿಕೆಟ್ ಕೊಟ್ಟು, ಹಗ್ಗದಾಚೆ ನಿಂತು ಜನ ಕೈಮುಗಿಯೋ ಹಾಗೆ ನೋಡ್ತಾರೆ. ನಮ್ಮ ಹಿರೇಬೆಣಕಲ್ಲಿನಲ್ಲಿ ಇಂಥ ದೊಡ್ಡ ಕಲ್ಲಿನ ರಚನೆಗಳು ಸುಮಾರು 400 ಇವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಅದನ್ನು ಹೆಮ್ಮೆಯಿಂದ ಹೇಳು.

ಅಮ್ಮ, ಇಷ್ಟು ಕಲಿತರೆ ಅವನಿಗೆ ಸಾಕು, ಖಂಡಿತ ಸಾಕು. ದುಡ್ಡು ಬೇಕಾದರೆ ನಾನು ಕಳಿಸ್ತೀನಿ, ನನಗೇನೂ ತೊಂದರೆ ಇಲ್ಲ, ಊಟ ನಿದ್ದೆ ಎಲ್ಲ ಚೆನ್ನಾಗಿದೆ, ಚಳಿಯೂ ಅಭ್ಯಾಸವಾಗಿದೆ. ಸರ ಮಾತ್ರ ಬೀರುವಿನಲ್ಲೇ ಇರಲಿ. ಬಸ್ಸಿಗೆ ಹೊತ್ತಾಯ್ತು. ಅಪ್ಪಾಜಿಗೆ ನಮಸ್ಕಾರ.

ಇಂತಿ ನಿನ್ನ,
ಸುಧಾ