ಭಾನುಮತಿಯ ಕಥೆ ನಾನೂ ಬರೆದಿದ್ದೆ

ಮುಧೋಳ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ಬೇರೆಯವರ ಕಥೆಯ ಪಾತ್ರಗಳನ್ನು ಹಿಡಿದು ಅಭಿಮಾನಿಗಳು ಬರೆಯುವ ಹೊಸ ಕಥೆ ಇಟ್ಟುಕೊಂಡು ಎಂಥ ಸಂಶೋಧನೆ ಅಂತ ಯಾರೋ ನಕ್ಕರು ಅಂದೆ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನಗೆ ಯಾವತ್ತೂ ಹೇಳದ ಒಂದು ವಿಷಯವಿದೆ. ಅದಕ್ಕೇ ಬರೆಯುತ್ತಿದ್ದೇನೆ.

10ನೇ ಕ್ಲಾಸಿನಲ್ಲಿ ನಮಗೆ ರನ್ನ ಕವಿಯ ಗದಾಯುದ್ಧ ಕಾವ್ಯದ ಪಾಠವಿತ್ತು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಂಡೆಯಲ್ಲಿ ಭೀಮ ಅಬ್ಬರಿಸುತ್ತಾನೆ. ನೀರಿನೊಳಗಿದ್ದೂ ಇವನು ಬೆವರುತ್ತಾನೆ. ಮಾಸ್ತರು ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಇವನ ಹೆಂಡತಿ ಈಗ ಎಲ್ಲಿದ್ದಾಳೆ? ಅವಳ ಮಗನೂ ಸತ್ತಿದ್ದಾನಲ್ವಾ? ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಭಾನುಮತಿಯನ್ನು ಕೆರೆಯ ದಂಡೆಗೆ ಕರೆತಂದೆ. ಅವಳು ಗಂಡನಿಗೆ ಹೊರಗೆ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಸುಮ್ನೆ ಕೂತು ಮಗನ ಹೆಸರು ಹಿಡಿದು ಅತ್ತಳು. ಮಾಸ್ತರು ಅದನ್ನು ನೋಡಿದರು. "ರನ್ನನ್ನ ತಿದ್ದಾಕ ನೀ ಯಾರು?" ಅಂತ ಹಾಳೆ ಹರಿದು ಹಾಕಿದರು. ಆಮೇಲೆ ನಾನು ಕಥೆ ಬರೆಯಲಿಲ್ಲ. ನಿನ್ನ ಅಪ್ಪನಿಗೂ ಇದು ಗೊತ್ತಿಲ್ಲ.

ರನ್ನ ತಾನೇ ಏನು ಮಾಡಿದ ಹೇಳು. ಪಂಪ 941ರಲ್ಲಿ ಭಾರತ ಬರೆದಿದ್ದ. ಅದರ 13ನೇ ಆಶ್ವಾಸದ, ಅಂದರೆ ಅಧ್ಯಾಯದ, ಕಥೆಯನ್ನು ಎತ್ತಿಕೊಂಡು ಇವನು 982ರ ಹೊತ್ತಿಗೆ 10 ಆಶ್ವಾಸಗಳ ಕಾವ್ಯ ಕಟ್ಟಿದ. ನಮ್ಮೂರ ಬಳೆಗಾರರ ಮನೆ ಹುಡುಗ! ಪಂಪ ತನ್ನ ದೊರೆಯನ್ನು ಅರ್ಜುನನಿಗೆ ಹೋಲಿಸಿದ್ದ, ಇವನು ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಭೀಮನನ್ನು ಹೊಗಳಲು ಕೂತವನ ಮನಸ್ಸು ಕದ್ದವನು ಮಾತ್ರ ದುರ್ಯೋಧನ. ಹೆಣಗಳ ನಡುವೆ ನಡೆಯುತ್ತಾ ಅವನು ಅಭಿಮನ್ಯುವಿಗೆ ಕೈಮುಗಿಯುತ್ತಾನಲ್ಲ, ಆ ಜಾಗ ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಮುಂದೆ 1926ರಲ್ಲಿ ಬಿ.ಎಂ.ಶ್ರೀ. ಅದನ್ನೇ ನಾಟಕ ಮಾಡಿ ದುರ್ಯೋಧನನನ್ನು ದುರಂತ ನಾಯಕನಾಗಿ ನಿಲ್ಲಿಸಿದರು. ದೊರೆಯ ಹಂಗಿನಲ್ಲಿದ್ದ ಕವಿಗೂ, ಯಾರ ಹಂಗೂ ಇಲ್ಲದೆ ಮೊಬೈಲಿನಲ್ಲಿ ಬರೆಯುವ ನಿನ್ನ ವಯಸ್ಸಿನ ಹುಡುಗಿಗೂ ಏನು ವ್ಯತ್ಯಾಸ? ಅದನ್ನು ನೀನು ಕೆದಕಬೇಕು ಅಂತ ನನ್ನ ಆಸೆ.

1893ರಲ್ಲಿ ಕಾನನ್ ಡಾಯ್ಲ್ ತಾನೇ ಸೃಷ್ಟಿಸಿದ ಪತ್ತೇದಾರ ಷೆರ್ಲಾಕ್ ಹೋಮ್ಸ್‌ನನ್ನು ಸಾಯಿಸಿದ್ದು, ಓದುಗರು ಸಿಟ್ಟಾಗಿದ್ದು, 1903ರಲ್ಲಿ ಅವನು ಬದುಕಿ ಬಂದಿದ್ದು, ಇಂಟರ್ನೆಟ್ಟಿನಲ್ಲಿರುವ ಅಭಿಮಾನಿಗಳ ಕಥೆಗಳ ದೊಡ್ಡ ಭಂಡಾರಕ್ಕೆ 2019ರಲ್ಲಿ ವಿಜ್ಞಾನ ಕಥೆಗಳ ಲೋಕದ ಹ್ಯೂಗೋ ಪ್ರಶಸ್ತಿ ಸಿಕ್ಕಿದ್ದು, ಎಲ್ಲ ನೀನೇ ನನಗೆ ಹೇಳಿದ್ದು. ಅವು ನಿನ್ನ ಪ್ರಬಂಧದಲ್ಲಿ ಇರಲಿ. ಜೊತೆಗೆ ನಮ್ಮ ಪಾರಿಜಾತದ ಆಟವೂ ಇರಲಿ.

ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದಲ್ಲಿ ಪುರಾಣದ ಸತ್ಯಭಾಮೆ ನಮ್ಮ ಓಣಿಯ ಹೆಂಗಸಿನ ಹಾಗೇ ಮಾತಾಡುತ್ತಾಳೆ, ಮುನಿಸಿಕೊಳ್ಳುತ್ತಾಳೆ. ನಿನ್ನ ಅಜ್ಜಿ ಜಾತ್ರೆಯಲ್ಲಿ ಬೆಳಗಿನ ತನಕ ಕೂತು ಅದನ್ನು ನೋಡಿದವಳು. ರೊಟ್ಟಿ ಬಡಿಯುತ್ತಾ ಆ ಪದಗಳನ್ನು ಹಾಡುತ್ತಿದ್ದಳು. ನಡುವೆ ಸತ್ಯಭಾಮೆ ಕೃಷ್ಣನಿಗೆ ಹೇಳುವ ಹಾಗೆ ಒಂದು ಮಾತು ಸೇರಿಸುತ್ತಿದ್ದಳು: "ಹೂವು ಆಮ್ಯಾಲ ಕೊಡು, ಮೊದಲ ಕುಂತು ನನ್ನ ಮಾತ ಕೇಳು." ಆಟದಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಿಲ್ಲ. ಅದು ಅಜ್ಜಿಯದೇ. ಅಜ್ಜ ಎಂದೂ ಕೂತು ಅವಳ ಮಾತು ಕೇಳಿದವರಲ್ಲ.

ಯಾರು ಎಲ್ಲಿ ಕಥೆ ಬದಲಿಸಿದರು ಅಂತ ಪಟ್ಟಿ ಮಾಡಿ ನಿಲ್ಲಿಸಬೇಡ ಅವ್ವಿ. ಆ ಜಾಗದಲ್ಲಿ ಅವರಿಗೆ ಏನು ಕಡಿಮೆ ಬಿತ್ತು ಅಂತ ಕೇಳು.

ಅಜ್ಜಿಗೆ ಈಗ ಕಿವಿ ಜಾಸ್ತಿ ಮಂದ. ಪದಗಳು ಮಾತ್ರ ಒಂದೂ ಮರೆತಿಲ್ಲ. ಶನಿವಾರದ ಬಸ್ಸಿಗೆ ಬಂದುಬಿಡು. ರೆಕಾರ್ಡ್ ಮಾಡಲು ಮೊಬೈಲಿನಲ್ಲಿ ಜಾಗ ಖಾಲಿ ಇಟ್ಟುಕೋ. ಭಾನುಮತಿಯನ್ನೂ ನೆನಪು ಮಾಡಿಕೊಂಡು ಮತ್ತೆ ಬರೆದಿದ್ದೇನೆ, ಎರಡು ಹಾಳೆ ಆಗಿದೆ. ಬಂದಾಗ ಓದು.

ನಿನ್ನ
ಅವ್ವ