ವಿನಿಫ್ರೆಡ್ ಪರವಾಗಿ ಒಂದು ಪತ್ರ

ಗೆಳೆಯಾ,

ಮೂವರು ಮಾಟಗಾತಿ ಸೋದರಿಯರ ಹಾಸ್ಯಚಿತ್ರ ‘ಹೋಕಸ್ ಪೋಕಸ್’ ಎರಡನೆಯ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದೆ ಎಂದು ಬರೆದಿದ್ದೀಯ. ನಮ್ಮ ಹಳೆಯ ನೆನಪುಗಳನ್ನೇ ಮಾರಲು ಹೊರಟಿದ್ದಾರೆ ಎಂಬುದು ನಿನ್ನ ದೂರು. ಅದನ್ನು ಪೂರ್ತಿ ತಳ್ಳಿಹಾಕಲಾರೆ. ಆದರೂ ಉಳಿದರ್ಧವನ್ನು ನೀನು ನೋಡಲೇಬೇಕು.

ಮೊದಲ ಚಿತ್ರದ ಹಣೆಬರಹ ನಿನಗೆ ಗೊತ್ತೇ ಇದೆ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ರಾತ್ರಿಯ ಕಥೆಯನ್ನು ಡಿಸ್ನಿಯವರು 1993ರ ಜುಲೈನಲ್ಲಿ, ಅಲ್ಲಿಯ ನಡುಬೇಸಿಗೆಯಲ್ಲಿ ಬಿಡುಗಡೆ ಮಾಡಿದರು. ಚಿತ್ರಮಂದಿರದಲ್ಲಿ ಅದು ನಿಲ್ಲಲಿಲ್ಲ. ಅದನ್ನು ಬದುಕಿಸಿದ್ದು ಟಿವಿ. ವರ್ಷ ವರ್ಷವೂ ಅಕ್ಟೋಬರ್‌ನಲ್ಲಿ ಪ್ರಸಾರವಾಗಿ ಅಮೆರಿಕದ ಒಂದು ತಲೆಮಾರಿನ ಮಕ್ಕಳಿಗೆ ಅದು ಹಬ್ಬದ ಭಾಗವೇ ಆಗಿಬಿಟ್ಟಿತು. 2022ರ ಸೆಪ್ಟೆಂಬರ್ 30ರಂದು ಎರಡನೆಯ ಭಾಗ ಬಂದಾಗ ಬೆಟ್ ಮಿಡ್ಲರ್, ಸಾರಾ ಜೆಸ್ಸಿಕಾ ಪಾರ್ಕರ್, ಕ್ಯಾಥಿ ನಜಿಮಿ ಮೂವರೂ ವಿನಿಫ್ರೆಡ್, ಸಾರಾ, ಮೇರಿ ಎಂಬ ಸ್ಯಾಂಡರ್ಸನ್ ಸೋದರಿಯರ ಅದೇ ಪಾತ್ರಗಳಿಗೆ ಮರಳಿದ್ದರು.

ಇದರಲ್ಲಿ ಗಿಲ್ಬರ್ಟ್ ಎಂಬವನೊಬ್ಬ ಇದ್ದಾನೆ, ನೆನಪಿದೆಯೇ? ಸ್ಯಾಂಡರ್ಸನ್ ಸೋದರಿಯರ ಹಳೆಯ ಮನೆಯಲ್ಲೇ ಮಾಟಮಂತ್ರದ ಸಾಮಾನಿನ ಅಂಗಡಿ ಇಟ್ಟವನು. ಹುಡುಗನಾಗಿದ್ದಾಗ ಅವರನ್ನು ಕಣ್ಣಾರೆ ಕಂಡು, ಅಂದಿನಿಂದ ಅವರ ಭಕ್ತನಾದವನು. ಹಚ್ಚಿದರೆ ಸತ್ತ ಸೋದರಿಯರನ್ನು ಮತ್ತೆ ಎಬ್ಬಿಸುವ ಕಪ್ಪು ಜ್ವಾಲೆಯ ಮೇಣದಬತ್ತಿಯನ್ನು ಹೊಸದಾಗಿ ಮಾಡಿ, ಅದೇನೆಂದು ಹೇಳದೆ, ಹದಿನಾರು ತುಂಬಿದ ಬೆಕ್ಕಾ ಎಂಬ ಹುಡುಗಿಯ ಕೈಗೆ ಕೊಡುವವನು ಇವನೇ. ಬಾಲ್ಯದಲ್ಲಿ ಮೆಚ್ಚಿದ್ದನ್ನು ಮತ್ತೆ ಎಬ್ಬಿಸಿ ತರಬೇಕೆಂಬ ಹಟ ಎಂಥ ಅಪಾಯ ತರಬಲ್ಲದು ಎಂಬುದನ್ನು ಚಿತ್ರ ಅವನ ಮೂಲಕವೇ ತೋರಿಸುತ್ತದೆ. ನಿನ್ನ ದೂರು ಚಿತ್ರ ಮಾಡಿದವರಿಗೆ ಮೊದಲೇ ಕೇಳಿಸಿತ್ತು ಎಂದು ನನಗೆ ಅನ್ನಿಸುವುದು ಇದಕ್ಕೇ.

ನನ್ನ ಮನಸ್ಸು ನಿಂತಿರುವುದು ಮಾತ್ರ ಆರಂಭದ ದೃಶ್ಯಗಳಲ್ಲಿ. 1653ರ ಸೇಲಂ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಊರು. ಹದಿನಾರರ ವಿನಿಫ್ರೆಡ್‌ಗೆ ಪಾದ್ರಿಯೇ ವರನನ್ನು ಗೊತ್ತುಮಾಡುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಅದಕ್ಕೆ ಊರು ಕೊಡುವ ಶಿಕ್ಷೆ ಬಹಿಷ್ಕಾರ. ತಂಗಿಯರನ್ನೂ ಅವಳಿಂದ ಕಿತ್ತುಕೊಳ್ಳಲು ನೋಡುತ್ತಾರೆ. ಮೂವರೂ ಕೈಕೈ ಹಿಡಿದು, ಹೋಗಬಾರದೆಂಬ ಕಾಡಿಗೆ ಓಡುತ್ತಾರೆ. ಮಂತ್ರದ ಪುಸ್ತಕ ಕೈಗೆ ಬರುವುದು ಆಮೇಲೆ. ಬೆಟ್ ಮಿಡ್ಲರ್ ಅವರ ಆ ಮೂತಿ, ಆ ಗತ್ತು, ಎಲ್ಲವನ್ನೂ ಟೇಲರ್ ಹೆಂಡರ್ಸನ್ ಎಂಬ ಹುಡುಗಿ ಎಷ್ಟು ಚೆನ್ನಾಗಿ ಮೈಗೂಡಿಸಿಕೊಂಡಿದ್ದಾಳೆ ಎಂದರೆ, ಇಡೀ ಚಿತ್ರವನ್ನು ಅವಳಿಗೇ ಬಿಟ್ಟುಕೊಟ್ಟಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ಸೇಲಂ ಎಂದರೆ ಬರಿಯ ಹಬ್ಬದ ಊರಲ್ಲವಲ್ಲ. 1692ರಲ್ಲಿ ಅಲ್ಲಿ ಮಾಟದ ಆರೋಪ ಹೊರಿಸಿ ಹತ್ತೊಂಬತ್ತು ಜನರನ್ನು ನೇಣಿಗೇರಿಸಿದರು. ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು. ಅವರ್‍ಯಾರೂ ಮಾಟಗಾರರಾಗಿರಲಿಲ್ಲ. ಮರುವರ್ಷ ಶಿಕ್ಷೆಗೆ ಗುರಿಯಾಗಿಯೂ ನೇಣಿನಿಂದ ಪಾರಾದ ಎಲಿಜಬೆತ್ ಜಾನ್ಸನ್ ಹೆಸರಿನ ಮೇಲಿದ್ದ ಕಳಂಕವನ್ನು ಮ್ಯಾಸಚೂಸೆಟ್ಸ್ ರಾಜ್ಯ ತೊಡೆದುಹಾಕಿದ್ದು ಈ ಚಿತ್ರ ಬಂದ 2022ರಲ್ಲೇ. ಅದರ ಬೆನ್ನುಹತ್ತಿದವರು ಎಂಟನೆಯ ತರಗತಿಯ ಮಕ್ಕಳು ಮತ್ತು ಅವರ ಶಿಕ್ಷಕಿ. ಇಂಥ ಊರಿನ ಹೆಸರಿನಲ್ಲಿ ನಗಿಸಲು ಹೊರಟವರು, ಊರೇ ಒಂದು ಹುಡುಗಿಯನ್ನು ಹೊರದಬ್ಬುವ ಕಥೆಯನ್ನೂ ಹೇಳಿದ್ದು ನನಗೆ ದೊಡ್ಡ ಸಮಾಧಾನ.

ನನ್ನದೂ ಒಂದು ತಕರಾರಿದೆ. ಮೊದಲ ಚಿತ್ರದಲ್ಲಿ ಈ ಸೋದರಿಯರು ಎಮಿಲಿ ಎಂಬ ಪುಟ್ಟ ಹುಡುಗಿಯ ಪ್ರಾಣವನ್ನೇ ಹೀರಿಕೊಂಡಿದ್ದರು, ಅವಳ ಅಣ್ಣನನ್ನು ಸಾವಿಲ್ಲದ ಕರಿಬೆಕ್ಕಾಗಿಸಿದ್ದರು. ಆ ಭಯವಿದ್ದುದರಿಂದಲೇ ನಗೆಗೂ ತೂಕವಿತ್ತು. ಇಲ್ಲಿ ಆ ಭಯ ತೆಳುವಾಗಿದೆ. ಔಷಧಿ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಮಕ್ಕಳ ಆತ್ಮವಿದೆ ಎಂಬ ಮಾತನ್ನು ನಂಬಿ ಮೂವರೂ ಗಟಗಟ ಕುಡಿಯುವಾಗ, ನೆಲ ಗುಡಿಸುವ ಎರಡು ಯಂತ್ರಗಳ ಮೇಲೆ ಕಾಲಿಟ್ಟು ಮೇರಿ ಆಕಾಶಕ್ಕೇರುವಾಗ ಹೊಟ್ಟೆ ತುಂಬ ನಕ್ಕೆ. ಆದರೆ ಎಮಿಲಿಯನ್ನು ಚಿತ್ರ ಮರೆಯಬಾರದಿತ್ತು.

ಇನ್ನು ಕೊನೆ. ಎಲ್ಲರಿಗಿಂತ ಬಲಶಾಲಿಯಾಗುವ ಮಂತ್ರವನ್ನು ವಿನಿಫ್ರೆಡ್ ಪಠಿಸಿಬಿಡುತ್ತಾಳೆ. ಅತ್ಯಂತ ಪ್ರೀತಿಸುವುದನ್ನು ಕಳೆದುಕೊಳ್ಳುವುದೇ ಅದರ ಬೆಲೆ. ಕಣ್ಣೆದುರೇ ತಂಗಿಯರಿಬ್ಬರೂ ಪುಡಿಯಾಗಿ ಗಾಳಿಯಲ್ಲಿ ಕರಗುತ್ತಾರೆ. ಮುಂದೆ ಅವಳಿಗೆ ಆ ಬಲ ಬೇಡ, ತಂಗಿಯರಿದ್ದಲ್ಲಿಗೆ ಹೋದರೆ ಸಾಕು. ಅದಕ್ಕಾಗಿ ಬೆಕ್ಕಾಳನ್ನು ಬೇಡಿಕೊಳ್ಳುತ್ತಾಳೆ. ನಗಿಸುತ್ತಲೇ ಬಂದ ಬೆಟ್ ಮಿಡ್ಲರ್ ಇಲ್ಲಿ ಒಂದಿಷ್ಟೂ ನಗಿಸುವುದಿಲ್ಲ. ನಾನು ಅತ್ತುಬಿಟ್ಟೆ, ನೀನೂ ಅಳುತ್ತೀಯ.

ಮಕ್ಕಳನ್ನೂ ಕೂರಿಸಿಕೊಂಡು ನೋಡು. ಹೆಸರುಗಳ ಪಟ್ಟಿ ಮುಗಿಯುವವರೆಗೂ ಏಳಬೇಡ, ಗಿಲ್ಬರ್ಟ್ ಅಂಗಡಿಯಲ್ಲಿ ಇನ್ನೊಂದು ಮೇಣದಬತ್ತಿಯ ಪೆಟ್ಟಿಗೆ ಇದೆ. ನೋಡಿದ ಮೇಲೆ ಬರೆ. ಆಗಲೂ ಹಿಡಿಸದಿದ್ದರೆ ಏಕೆಂದು ವಿವರವಾಗಿ ಬರೆ.

ನಿನ್ನ ಗೆಳೆಯ